ಚಳಿಯಲ್ಲಿ ಬೈಕ್: ಕೈಯೇ ಕೈಕೊಟ್ಟ ಕತೆ

ಬೆಳಗಿನ ಜಾವ ಐದೂವರೆಗೆ ಹೊರಟೆವು. ಇಪ್ಪತ್ತೈದು ನಿಮಿಷದವರೆಗೆ ನನ್ನ ಕೈ ನನ್ನ ಮಾತು ಕೇಳುತ್ತಿತ್ತು. ಆಮೇಲೆ ಒಂದು ರೈಲ್ವೆ ಗೇಟ್ ಬಂತು, ಗೇಟ್ ಹಾಕಿತ್ತು. ಬ್ರೇಕ್ ಹೇಗೋ ಹಿಡಿಯಿತು. ಕ್ಲಚ್ ಒತ್ತಬೇಕು ಅಂತ ತಲೆಗೆ ಗೊತ್ತು. ಆದರೆ ಬೆರಳು ಲಿವರ್ ಮೇಲಿದೆಯೋ ಗ್ರಿಪ್ ಮೇಲಿದೆಯೋ ಅದೇ ತಿಳಿಯಲಿಲ್ಲ. ಇಂಜಿನ್ ಗಕ್ಕನೆ ನಿಂತಿತು, ಬೈಕ್ ಎಡಕ್ಕೆ ವಾಲಿತು. ಹಿಂದೆ ಲಗೇಜಿನ ಭಾರ ಬೇರೆ. ತುಂಬ ನಿಧಾನವಾಗಿ, ಯಾವ ಸದ್ದುಗದ್ದಲವೂ ಇಲ್ಲದೆ, ನಾನೂ ಬೈಕೂ ಒಟ್ಟಿಗೆ ರಸ್ತೆಯ ಮೇಲೆ ಮಲಗಿದೆವು.

ಗೆಳೆಯ ಓಡಿ ಬಂದು ಎತ್ತಿದ. ಹೆಲ್ಮೆಟ್ಟಿನ ಪಟ್ಟಿ ಬಿಚ್ಚುವುದಕ್ಕೂ ಅವನೇ ಬೇಕಾಯಿತು.

ಮೂರು ದಿನದ ಬೆಟ್ಟದ ದಾರಿ ನಮ್ಮದು. ತಪ್ಪಲಿನಿಂದ ಘಾಟಿಯ ನೆತ್ತಿಗೆ ಹೆಚ್ಚುಕಮ್ಮಿ 1,600 ಮೀಟರ್ ಏರು. ಇಂಥ ದಾರಿಗೆ ಚಳಿಗಾಲದಲ್ಲಿ ಹೊರಡುವವರು ನನ್ನ ಹಾಗೆ ಗೇಟಿನ ಮುಂದೆ ಮಲಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನನ್ನ ಗ್ಲೌಸ್ ಕಳಪೆ ಆಗಿರಲಿಲ್ಲ. ದಪ್ಪ, ದುಬಾರಿ, ಒಳಗೆ ಮೆತ್ತನೆ ಅಸ್ತರು. ಅಂಗಡಿಯಲ್ಲಿ ಹಾಕಿ ನೋಡಿದಾಗ ಅಂಗೈ ಬೆವರಿತ್ತು. ಹೀಗಾಗಿ ಕೈಯ ಬಗ್ಗೆ ನಾನು ಯೋಚನೆಯನ್ನೇ ಮಾಡಲಿಲ್ಲ. ಮೈಗೆ ಒಂದು ಟೀ ಶರ್ಟ್, ಮೇಲೊಂದು ಜಾಕೆಟ್. ಕುತ್ತಿಗೆಗೆ ಏನೂ ಇಲ್ಲ. ತಪ್ಪು ಆಗಿದ್ದು ಅಲ್ಲೇ.

ಮೈ ತಣ್ಣಗಾಗತೊಡಗಿದರೆ ದೇಹ ಮೊದಲು ಎದೆ, ಹೊಟ್ಟೆಯೊಳಗಿನ ಅಂಗಗಳನ್ನು ಕಾಯುತ್ತದೆ. ಅದಕ್ಕಾಗಿ ಕೈಕಾಲಿನ ತುದಿಯ ರಕ್ತನಾಳಗಳನ್ನು ಬಿಗಿ ಮಾಡಿ, ಅಲ್ಲಿಗೆ ಹೋಗುವ ಬಿಸಿ ರಕ್ತವನ್ನು ಕಡಿಮೆ ಮಾಡುತ್ತದೆ. ಗ್ಲೌಸ್ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ. ಬಂದ ಬಿಸಿಯನ್ನು ಹಿಡಿದಿಡುತ್ತದೆ, ಅಷ್ಟೇ. ಒಲೆ ಹಚ್ಚದ ಮನೆಯಲ್ಲಿ ಬಾಗಿಲು ಎಷ್ಟು ಭದ್ರವಾಗಿ ಹಾಕಿಕೊಂಡರೇನು? ಹಾಗಾಗಿ ಕೈ ಬೆಚ್ಚಗಿರಬೇಕು ಅಂದರೆ ಮೊದಲು ಎದೆ ಮತ್ತು ಕುತ್ತಿಗೆಯನ್ನು ನೋಡಿಕೊಳ್ಳಬೇಕು. ಇದು ನನಗೆ ತಿಳಿದದ್ದು ಎರಡನೇ ದಿನ. ಗೆಳೆಯ ಹಳೆಯ ನ್ಯೂಸ್ ಪೇಪರಿನ ನಾಲ್ಕು ಹಾಳೆ ಮಡಚಿ ನನ್ನ ಜಾಕೆಟ್ಟಿನೊಳಗೆ, ಎದೆಯ ಮೇಲೆ ತುರುಕಿದ. ಒಂದು ಮಫ್ಲರ್ ಕೊಟ್ಟು, ತುದಿ ಹೊರಗೆ ಹಾರಾಡದ ಹಾಗೆ ಕಾಲರ್ ಒಳಗೆ ಸೇರಿಸಿದ. ಗ್ಲೌಸ್ ಅದೇ, ಬೈಕ್ ಅದೇ. ಆವತ್ತು ಒಂದು ಗಂಟೆ ಓಡಿಸಿದ ಮೇಲೂ ಬೆರಳು ಮಡಚಲು ಬರುತ್ತಿತ್ತು. ಪೇಪರ್ ಮಾತ್ರ ಬ್ರೇಕ್ ಹಾಕಿದಾಗಲೆಲ್ಲ ಚರ್ ಚರ್ ಅನ್ನುತ್ತಿತ್ತು.

ಇನ್ನು ಗಾಳಿ. ಸೊನ್ನೆ ಡಿಗ್ರಿಯಲ್ಲಿ ಗಂಟೆಗೆ 80 ಕಿಲೋಮೀಟರ್ ಗಾಳಿ ಬೀಸಿದರೆ ಬರಿ ಚರ್ಮಕ್ಕೆ ಅದು ಮೈನಸ್ 10ರ ಚಳಿಯ ಹಾಗೆ ತಟ್ಟುತ್ತದೆ. ಬೈಕ್ ಮೇಲೆ ಆ ಗಾಳಿಯನ್ನು ನಾವೇ ತಯಾರು ಮಾಡಿಕೊಳ್ಳುತ್ತೇವೆ. ಜೊತೆಗೆ ಎತ್ತರ. 1,000 ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ತಪ್ಪಲಿನಲ್ಲಿ 12 ಡಿಗ್ರಿ ಇದೆ, ಪರವಾಗಿಲ್ಲ ಅಂತ ಹೊರಟವರಿಗೆ ನಮ್ಮ ಘಾಟಿಯ ನೆತ್ತಿಯಲ್ಲಿ ಒಂದೆರಡು ಡಿಗ್ರಿ ಸಿಗುತ್ತದೆ. ಹಾಗಂತ ತಗ್ಗನ್ನೂ ನಂಬಬೇಡಿ. ಗಾಳಿ ಆಡದ ರಾತ್ರಿ ಕಳೆದ ಮೇಲೆ ತಣ್ಣನೆ ಗಾಳಿ ಹಳ್ಳಕೊಳ್ಳಗಳಲ್ಲಿ ಇಳಿದು ಕೂತಿರುತ್ತದೆ. ಹೊಳೆ ದಾಟುವ ಕಡೆಯಲ್ಲೆಲ್ಲ ಯಾರೋ ಫ್ರಿಜ್ ಬಾಗಿಲು ತೆಗೆದ ಹಾಗೆ ಆಗುತ್ತಿತ್ತು. ಚಳಿ ತೀರಾ ಸೊನ್ನೆಯ ಹತ್ತಿರ ಇದ್ದರೆ ಅಲ್ಲೇ ಇನ್ನೊಂದು ಅಪಾಯವೂ ಇದೆ. ಸೇತುವೆಗೆ ಕೆಳಗಿನಿಂದಲೂ ಗಾಳಿ ತಾಕುವುದರಿಂದ ಬೇರೆ ರಸ್ತೆಗಿಂತ ಮೊದಲೇ ಅದರ ಮೇಲೆ ಹಿಮ ಕಟ್ಟುತ್ತದೆ.

ಇದೆಲ್ಲ ಸುಮ್ನೆ ಸುಖದ ಪ್ರಶ್ನೆ ಅಲ್ಲ. ಬೆರಳಿನ ಚರ್ಮ 15 ಡಿಗ್ರಿಗಿಂತ ಕೆಳಗಿಳಿದರೆ ಕೈಯ ಚುರುಕು ಹೋಗುತ್ತದೆ. 80ರ ವೇಗದಲ್ಲಿ ಬ್ರೇಕ್ ಹಿಡಿಯಲು ಅರ್ಧ ಸೆಕೆಂಡ್ ತಡವಾದರೆ ಬೈಕ್ ಇನ್ನೂ 11 ಮೀಟರ್ ಮುಂದೆ ಹೋಗಿರುತ್ತದೆ. ಬ್ರೇಕ್ ಹಿಡಿದಾಗ ಚಕ್ರ ಜಾಮ್ ಆಗದ ಹಾಗೆ ತಡೆಯುವ ಎಬಿಎಸ್ ಇದ್ದರೂ ಅಷ್ಟೇ, ಲಿವರ್ ಒತ್ತಬೇಕಾದ್ದು ನಿಮ್ಮ ಬೆರಳೇ ಅಲ್ವಾ?

ಗೇಟಿನ ಹತ್ತಿರ ನಾನು ಮಾಡಿದ ಇನ್ನೊಂದು ದಡ್ಡತನ ಹೇಳಬೇಕು. ಕೈ ಬಿಸಿ ಮಾಡಿಕೊಳ್ಳೋಣ ಅಂತ ಇಂಜಿನ್ ಪಕ್ಕ ಕುಕ್ಕರಗಾಲಲ್ಲಿ ಕೂತು, ಗ್ಲೌಸ್ ಸಮೇತ ಎರಡೂ ಕೈಯನ್ನು ಸೈಲೆನ್ಸರ್ ಪೈಪಿಗೆ ಒತ್ತಿದೆ. ಬಿಸಿ ಗೊತ್ತಾಗಲಿಲ್ಲ, ಮೊದಲು ವಾಸನೆ ಬಂತು. ಪ್ಲಾಸ್ಟಿಕ್ ಸುಟ್ಟ ವಾಸನೆ. ಕೈ ಎತ್ತಿದರೆ ಬಲಗೈ ಗ್ಲೌಸಿನ ಅಂಗೈ ಭಾಗ ಪೈಪಿಗೆ ಅಂಟಿಕೊಂಡು, ಅಂಟಿನ ಹಾಗೆ ಎಳೆ ಎಳೆಯಾಗಿ ಬಂತು. ಆ ಕಪ್ಪು ಕಲೆ ಇವತ್ತಿಗೂ ಪೈಪಿನ ಮೇಲಿದೆ. ಮರಗಟ್ಟಿದ ಕೈಗೆ ಸುಟ್ಟರೂ ತಿಳಿಯುವುದಿಲ್ಲ. ಇಂಜಿನ್, ಸೈಲೆನ್ಸರ್, ಬೆಂಕಿ ಯಾವುದಕ್ಕೂ ಹಾಗೆ ಕೈ ಒಡ್ಡಬೇಡಿ.

ಅದರ ಬದಲು ಗೆಳೆಯ ಮಾಡಿಸಿದ್ದು ಇದು. ಕೈಯನ್ನು ಉದ್ದಕ್ಕೆ ಚಾಚಿ, ಭುಜದಿಂದ ಗಿರಗಿರನೆ ದೊಡ್ಡದಾಗಿ ತಿರುಗಿಸುವುದು. ಇಪ್ಪತ್ತು ಮೂವತ್ತು ಸುತ್ತು. ತಿರುಗಿಸುವ ರಭಸಕ್ಕೆ ರಕ್ತ ಬೆರಳ ತುದಿಗೆ ನುಗ್ಗುತ್ತದೆ. ಗೇಟಿನ ಆಚೆ ಬಸ್ಸಿನಲ್ಲಿದ್ದವರು ನಮ್ಮನ್ನು ಹುಚ್ಚರು ಅಂದುಕೊಂಡಿರಬೇಕು. ಆಮೇಲೆ ಕೈಯನ್ನು ಕಂಕುಳಲ್ಲಿ ಇಟ್ಟು ಐದು ನಿಮಿಷ ನಿಂತೆ. ಬೆರಳಿಗೆ ಜೀವ ಬರುವಾಗ ಉಗುರಿನ ಕೆಳಗೆ ಸೂಜಿ ಚುಚ್ಚಿದ ಹಾಗೆ ನೋವು, ಕಣ್ಣಲ್ಲಿ ನೀರೇ ಬಂತು. ಆ ನೋವು ಬಂದರೆ ಹೆದರಬೇಡಿ. ಅದು ಹೋಗುವವರೆಗೆ ಬೈಕ್ ಮಾತ್ರ ಹತ್ತಬೇಡಿ.

ಗ್ಲೌಸ್ ಕೊಳ್ಳುವವರಿಗೆ ಒಂದು ಮಾತು. ಬಿಗಿಯಾದ ಗ್ಲೌಸ್ ಎಷ್ಟು ದಪ್ಪ ಇದ್ದರೂ ದಂಡ. ಬೆಚ್ಚಗಿಡುವುದು ಬಟ್ಟೆಗಿಂತ ಜಾಸ್ತಿ ಅದರೊಳಗೆ ಸಿಕ್ಕಿಕೊಂಡ ಗಾಳಿ. ಬಿಗಿ ಇದ್ದರೆ ಆ ಗಾಳಿಗೆ ಜಾಗ ಇಲ್ಲ, ಮೇಲಿಂದ ರಕ್ತದ ಓಡಾಟಕ್ಕೂ ಅಡ್ಡಿ. ನನ್ನದು ಹಾಗೇ ಆಗಿತ್ತು. ಹಾಕಿಕೊಂಡು ಮುಷ್ಟಿ ಹಿಡಿದಾಗ ಬೆರಳ ತುದಿ ಎಳೆದ ಹಾಗೆ ಆಗಬಾರದು. ಒಳಗೊಂದು ತೆಳ್ಳನೆ ಉಣ್ಣೆಯ ಅಥವಾ ರೇಷ್ಮೆಯ ಗ್ಲೌಸ್ ಹಾಕುವಷ್ಟು ಸಡಿಲ ಇರಲಿ. ಈ ಒಳ ಗ್ಲೌಸ್ ಇನ್ನೊಂದು ಕೆಲಸಕ್ಕೂ ಬರುತ್ತದೆ. ಫೋನ್ ತೆಗೆಯುವಾಗ, ಪೆಟ್ರೋಲ್ ಹಾಕಿಸುವಾಗ ಬರಿಗೈ ಆಗಬೇಕಿಲ್ಲ. ಮಣಿಕಟ್ಟು ಉದ್ದ ಇರಬೇಕು. ಜಾಕೆಟ್ ತೋಳಿಗೂ ಗ್ಲೌಸಿಗೂ ನಡುವೆ ಒಂದು ಬೆರಳಷ್ಟು ಚರ್ಮ ಕಂಡರೂ ಗಾಳಿ ಅಲ್ಲಿಂದಲೇ ಮೊಣಕೈವರೆಗೆ ಹೋಗುತ್ತದೆ. ಅಂಗಡಿಯಲ್ಲಿ ಕನ್ನಡಿ ನೋಡಿಕೊಳ್ಳುವ ಬದಲು, ಜಾಕೆಟ್ ಹಾಕಿಕೊಂಡೇ ಹೋಗಿ, ನಿಂತ ಬೈಕಿನ ಹ್ಯಾಂಡಲ್ ಹಿಡಿದು ನೋಡಿ.

ಆದರೆ ನನ್ನನ್ನು ಕೇಳಿದರೆ, ಎರಡನೇ ಜೊತೆ ದುಬಾರಿ ಗ್ಲೌಸಿಗೆ ದುಡ್ಡು ಹಾಕುವ ಮೊದಲು ಹ್ಯಾಂಡಲಿಗೆ ಮಫ್ ಹಾಕಿಸಿ. ಹ್ಯಾಂಡಲ್ ಮೇಲೆ ಕಟ್ಟುವ ದೊಡ್ಡ ಚೀಲದಂಥದ್ದು, ಕೈಯನ್ನು ಅದರೊಳಗೆ ತೂರಿಸಿ ಓಡಿಸುವುದು. ನೋಡುವುದಕ್ಕೆ ಚೆನ್ನಾಗಿಲ್ಲ, ಒಪ್ಪಿಕೊಳ್ಳುತ್ತೇನೆ. ಹೊರಡುವ ಮೊದಲು ಗೆಳೆಯನ ಬೈಕ್ ನೋಡಿ, "ಏನೋ ಇದು, ಹ್ಯಾಂಡಲಿಗೆ ದಿಂಬಿನ ಕವರ್ ಹಾಕಿದ್ದೀಯ?" ಅಂತ ನಕ್ಕಿದ್ದೆ. ಅವನು ಮೂರು ದಿನವೂ ಬೇಸಿಗೆಯ ತೆಳು ಗ್ಲೌಸಿನಲ್ಲೇ ಓಡಿಸಿದ. ಗಾಳಿ ಕೈಯವರೆಗೆ ಬರದೇ ಇದ್ದರೆ ಅರ್ಧ ಯುದ್ಧ ಮುಗಿದ ಹಾಗೆ. ಮಳೆಯೂ ತಾಗುವುದಿಲ್ಲ. ದಿನವಿಡೀ ಬೈಕ್ ಮೇಲೇ ದುಡಿಯುವ ಡೆಲಿವರಿ ಹುಡುಗರು ಇದನ್ನು ಹಾಕಿಕೊಳ್ಳುವುದು ಸುಮ್ನೆ ಅಲ್ಲ. ಮಫ್ ಬೇಡವೇ ಬೇಡ ಅನ್ನುವವರು ಪ್ಲಾಸ್ಟಿಕ್ಕಿನ ಹ್ಯಾಂಡ್ ಗಾರ್ಡ್ ಆದರೂ ಹಾಕಿಸಿ. ಅದು ನೇರ ಗಾಳಿಯನ್ನು ಸೀಳುತ್ತದೆ, ಆದರೆ ಪಕ್ಕದಿಂದ ಸುತ್ತಿ ಬರುವುದನ್ನು ತಡೆಯುವುದಿಲ್ಲ.

ಮೂರನೇ ದಿನ ಮಳೆ. ಚಳಿ ಒಂದೇ ಇದ್ದರೆ ಹೇಗೋ ನಡೆಯುತ್ತದೆ, ಚಳಿಯೂ ಒದ್ದೆಯೂ ಸೇರಿದರೆ ದೇವರೇ ಗತಿ. ಸುಟ್ಟ ಜಾಗದಿಂದ ನೀರು ಒಳಗೆ ಇಳಿದು ಅರ್ಧ ಗಂಟೆಯಲ್ಲಿ ಗ್ಲೌಸ್ ಹಿಂಡಿದರೆ ನೀರು ಸುರಿಯುವಷ್ಟು ನೆನೆಯಿತು. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ದೊಡ್ಡ ಸೈಜಿನದು ಸಿಕ್ಕಿತು, ಅದನ್ನು ಮೇಲೆ ಹಾಕಿದೆ. ಹಳದಿ ಬಣ್ಣ. ಗೆಳೆಯನ ದಿಂಬಿನ ಕವರಿಗೆ ಅಲ್ಲಿಗೆ ಲೆಕ್ಕ ಚುಕ್ತಾ ಆಯಿತು. ಆದರೆ ಕೆಲಸ ಮಾಡಿತು ನೋಡಿ. ಒಂದೇ ತೊಂದರೆ, ಒಳಗಿನ ಬೆವರೂ ಹೊರಗೆ ಹೋಗುವುದಿಲ್ಲ. ಹಾಗಾಗಿ ಒಳ ಗ್ಲೌಸ್ ಎರಡು ಜೊತೆ ಇಟ್ಟುಕೊಂಡು, ನಿಂತಾಗ ಬದಲಿಸಿ. ರಾತ್ರಿ ಒದ್ದೆ ಗ್ಲೌಸನ್ನು ಹೀಟರ್ ಮೇಲೆ ಒಣಹಾಕಬೇಡಿ. ಚರ್ಮದ್ದಾದರೆ ಸೆಟೆದು ಬಿರಿಯುತ್ತದೆ. ಪೇಪರ್ ಉಂಡೆ ಮಾಡಿ ಬೆರಳುಗಳೊಳಗೆ ತುಂಬಿ, ಮಲಗುವ ಮುಂಚೆ ಒಮ್ಮೆ ಬದಲಿಸಿದರೆ ಬೆಳಿಗ್ಗೆಗೆ ಹಾಕುವ ಹಾಗಾಗುತ್ತದೆ. ನಿನ್ನೆಯ ಎದೆಯ ಪೇಪರನ್ನೇ ನಾವು ಇದಕ್ಕೆ ಬಳಸಿದೆವು.

ಮರುವರ್ಷ ಅದೇ ದಾರಿಗೆ ಹೋಗುವಾಗ ನಾನು ಬಿಸಿ ಗ್ರಿಪ್ ಹಾಕಿಸಿದ್ದೆ. ಸುಖ ಅಂದರೆ ಸುಖ. ಆದರೆ ಎರಡು ವಿಷಯ ಗೊತ್ತಿರಲಿ. ಇವು ಸಾಮಾನ್ಯವಾಗಿ 30ರಿಂದ 50 ವಾಟ್ ಕರೆಂಟ್ ಎಳೆಯುತ್ತವೆ. ಸಣ್ಣ ಬೈಕಿನ ಚಾರ್ಜಿಂಗಿಗೆ ಇದು ದೊಡ್ಡ ಹೊರೆ, ಅದಕ್ಕೇ ಮೊದಲು ಮೆಕ್ಯಾನಿಕ್ ಹತ್ತಿರ ವಿಚಾರಿಸಿ. ಕೀ ತೆಗೆದರೆ ತಾನೇ ಆಫ್ ಆಗುವ ಹಾಗೆ ರಿಲೇ ಅನ್ನುವ ಸ್ವಿಚ್ ಹಾಕಿಸಿ. ನನ್ನ ಮೆಕ್ಯಾನಿಕ್ ಮೊದಲ ಸಲ ನೇರವಾಗಿ ಬ್ಯಾಟರಿಗೇ ಕೊಟ್ಟಿದ್ದ, ಒಂದು ರಾತ್ರಿ ಮರೆತೆ, ಬೆಳಿಗ್ಗೆ ಬೈಕ್ ತಳ್ಳಿಯೇ ಸ್ಟಾರ್ಟ್ ಮಾಡಬೇಕಾಯಿತು. ಆ ತಳ್ಳಾಟದಲ್ಲಿ ಮೈಯೇನೋ ಚೆನ್ನಾಗಿ ಬೆಚ್ಚಗಾಯಿತು. ಎರಡನೆಯದು, ಬಲಗೈ ಕಾದು ಎಡಗೈ ತಣ್ಣಗೇ ಉಳಿಯಬಹುದು. ಬಲಗಡೆ ಎಕ್ಸಲರೇಟರಿನ ಪ್ಲಾಸ್ಟಿಕ್ ಕೊಳವೆ ಬಿಸಿಯನ್ನು ತಡೆದಿಡುತ್ತದೆ, ಎಡಗಡೆ ಗ್ರಿಪ್ ನೇರ ಲೋಹದ ಹ್ಯಾಂಡಲ್ ಮೇಲೇ ಕೂತಿರುವುದರಿಂದ ಬಿಸಿಯೆಲ್ಲ ಅದಕ್ಕೆ ಹೋಗುತ್ತದೆ. ಇನ್ನೊಂದು, ಬಿಸಿ ಗ್ರಿಪ್ ಅಂಗೈಯನ್ನು ಕಾಯಿಸುತ್ತದೆ, ಗಾಳಿ ಹೊಡೆಯುವುದು ಕೈಯ ಮೇಲ್ಗಡೆ. ಮಫ್ ಇಲ್ಲದೆ ಅದೊಂದೇ ಸಾಲದು. ಬ್ಯಾಟರಿ ಇರುವ ಬಿಸಿ ಗ್ಲೌಸ್ ನಾನು ಬಳಸಿಲ್ಲ.

ಓಡಿಸುವ ರೀತಿಯಲ್ಲೂ ಒಂದಿಷ್ಟು ಇದೆ. ಚಳಿಗೆ ಗ್ರಿಪ್ ಗಟ್ಟಿಯಾಗಿ ಹಿಡಿಯುವುದು ಸಹಜ, ಆದರೆ ಗಟ್ಟಿ ಹಿಡಿದಷ್ಟೂ ರಕ್ತ ಕಡಿಮೆ. ಎರಡು ಬೆರಳು ಸದಾ ಲಿವರ್ ಮೇಲಿಡುವ ಅಭ್ಯಾಸ ಇದ್ದರೆ ಆ ಎರಡೇ ಮೊದಲು ಸಾಯುತ್ತವೆ. ಲೋಹದ ಲಿವರ್ ಬೆರಳಿನ ಬಿಸಿಯನ್ನು ಹೀರುತ್ತದೆ, ಅದಕ್ಕೊಂದು ರಬ್ಬರ್ ಕೊಳವೆ ತೊಡಿಸಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಮುಕ್ಕಾಲು ಗಂಟೆಗೊಮ್ಮೆ ನಿಲ್ಲಿಸಿ. ಕೈ ಮರಗಟ್ಟಿದ ಮೇಲೆ ನಿಲ್ಲಿಸೋಣ ಅಂದುಕೊಂಡರೆ ಆಗಲೇ ತಡವಾಗಿರುತ್ತದೆ. ಪರೀಕ್ಷೆ ಸುಲಭ: ಹೆಬ್ಬೆರಳನ್ನು ಕಿರುಬೆರಳಿಗೆ ತಾಗಿಸಲು ಆಗದಿದ್ದರೆ ಇನ್ನು ಓಡಿಸುವುದು ಬೇಡ. ಚಳಿ ಬಿಡಿಸುತ್ತದೆ ಅಂತ ಮದ್ಯ ಅಂತೂ ಬೇಡ, ಸಿಗರೇಟ್ ಕೂಡ ಬೇಡ. ಒಂದು ಮೈಯ ಬಿಸಿಯನ್ನು ಹೊರಗೆ ಕಳೆಯುತ್ತದೆ, ಇನ್ನೊಂದು ರಕ್ತನಾಳ ಬಿಗಿ ಮಾಡುತ್ತದೆ. ಬೆರಳು ಬಿಳಿಚಿ, ಮೇಣದ ಹಾಗೆ ಗಟ್ಟಿಯಾಗಿ, ಏನೂ ಗೊತ್ತಾಗದಂತಾದರೆ ಉಜ್ಜಬೇಡಿ, ನೇರ ಡಾಕ್ಟರ ಹತ್ತಿರ ಹೋಗಿ.

ಬೆಳಗಿನ ಜಾವ ಹೊರಡುವ ಹಟವನ್ನೂ ಬಿಡಿ. ದಿನದ ಅತಿ ತಣ್ಣನೆ ಹೊತ್ತು ಸೂರ್ಯ ಹುಟ್ಟುವ ಆಸುಪಾಸಿನದ್ದೇ. ಎರಡನೇ ಸಲ ನಾವು ಒಂಬತ್ತಕ್ಕೆ ಹೊರಟು, ಘಾಟಿಯನ್ನು ಹನ್ನೊಂದರಿಂದ ಎರಡರೊಳಗೆ ದಾಟಿ, ಕತ್ತಲಾಗುವ ಮೊದಲೇ ಇಳಿದೆವು.

ಮಫ್ ಹಾಕಿಸಿದವರು ಹೊರಡುವ ಮುಂಚೆ ನಿಂತ ಬೈಕಿನಲ್ಲಿ ಕಣ್ಣು ಮುಚ್ಚಿ ಸ್ವಿಚ್ ಹುಡುಕುವುದನ್ನು ಅಭ್ಯಾಸ ಮಾಡಿಕೊಳ್ಳಿ. ಹಾಗೇ, ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಮಫ್ ಲಿವರನ್ನು ಒತ್ತುತ್ತಿಲ್ಲ, ಎಕ್ಸಲರೇಟರಿಗೆ ಸಿಕ್ಕಿಕೊಳ್ಳುತ್ತಿಲ್ಲ ಅಂತ ನೋಡಿ. ನಾನು ಅಭ್ಯಾಸ ಮಾಡಿರಲಿಲ್ಲ. ಮರುವರ್ಷ ಅದೇ ಗೇಟ್ ದಾಟಿ ಎಡಕ್ಕೆ ತಿರುಗುವಾಗ ಇಂಡಿಕೇಟರ್ ಅಂದುಕೊಂಡು ಹಾರ್ನ್ ಒತ್ತಿದೆ, ಅದೂ ತಿರುವು ಮುಗಿಯುವವರೆಗೆ. ಗೇಟ್ ಕಾಯುವವರು ಹೊರಗೆ ಬಂದು ಒಮ್ಮೆ ನೋಡಿ ಮತ್ತೆ ಒಳಗೆ ಹೋದರು.