ಬಾಗಿಲ ಮುಂದಿನ ರಂಗೋಲಿ

ಅಮ್ಮನ ಕ್ಯಾನ್ಸರಿಗೆ ಕೊಟ್ಟ ಕೊನೆಯ ಕೀಮೋ ಮುಗಿದು ಇವತ್ತಿಗೆ 5 ತಿಂಗಳು. ಕೂದಲು ಬಂದಿದೆ. ನೋಡಿದವರೆಲ್ಲ ‘ಹುಷಾರಾದ್ರಲ್ಲ’ ಅನ್ನುತ್ತಾರೆ. ಆದರೆ ಪ್ಯಾಕ್ಲಿಟಾಕ್ಸೆಲ್ ಅನ್ನುವ ಕೀಮೋ ಔಷಧಿ ಶುರುವಾದ ಮೇಲೆ ಬೆರಳ ತುದಿಗೆ ಹಿಡಿದ ಜೋಮು ಪೂರ್ತಿ ಬಿಟ್ಟಿಲ್ಲ. ನರಗಳು ಸುಧಾರಿಸಲು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಳೇ ಬೇಕು. ರವಿಕೆಯ ಹುಕ್ ಹಾಕಲು ಕರೆಯುವಾಗ ಅಮ್ಮನ ದನಿ ಸಣ್ಣದಾಗುತ್ತದೆ.

ಎಷ್ಟು ಮಲಗಿದರೂ ಹೋಗದ ಸುಸ್ತು ಬೇರೆ. ಅದಕ್ಕೆ ದಿನಾ ಸ್ವಲ್ಪ ನಡೆಯಿರಿ ಎಂದಿದ್ದಾರೆ ಡಾಕ್ಟರ್. ಸಂಜೆ ಇಬ್ಬರೂ ಬೀದಿ ಕೊನೆಯ ಹೊಂಗೆ ಮರದವರೆಗೆ ಹೋಗಿ ಬರುತ್ತೇವೆ. ಚೆಕಪ್ ಹತ್ತಿರ ಬಂದರೆ ಅಮ್ಮ ಮಾತೇ ಆಡುವುದಿಲ್ಲ. ಚಿಕಿತ್ಸೆ ನಡೆಯುವಾಗ ಇಲ್ಲದ ಭಯ ಮುಗಿದ ಮೇಲೆ ಬರುತ್ತದೆ, ಅಲ್ವಾ? ನಾನೂ ಏನೂ ಕೇಳುವುದಿಲ್ಲ. ಸುಮ್ನೆ ಕೈ ಹಿಡಿದುಕೊಂಡು ನಡೆಯುತ್ತೇನೆ.

ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ಬಾಗಿಲ ಮುಂದೆ ರಂಗೋಲಿ! ಎಳೆ ಅಲ್ಲಲ್ಲಿ ದಪ್ಪ, ಅಲ್ಲಲ್ಲಿ ಸೊಟ್ಟ. ದಾಟಿ ಹೋಗಲು ಮನಸ್ಸಾಗದೆ ಅಲ್ಲೇ ಕೂತುಬಿಟ್ಟೆ.