ಮೊದಲ ಕರೆ ಯಾರಿಗೆ?

ಮಗಳಿಗೆ ಜ್ವರ ಬಂದ ದಿನ ಶಾಲೆಯಿಂದ ಕರೆ ಬಂದದ್ದು ನನಗೆ. ಅರ್ಜಿಯಲ್ಲಿ ಮೊದಲು ಬರೆದುಕೊಟ್ಟಿದ್ದುದು ನನ್ನ ಪತಿಯ ಮೊಬೈಲ್ ಸಂಖ್ಯೆಯನ್ನು. ಅಂದು ಅವರು ಮನೆಯಲ್ಲೇ ಕುಳಿತು ಕೆಲಸ ಮಾಡುತ್ತಿದ್ದರು, ನಾನು ಕಚೇರಿಯಲ್ಲಿ ಮೀಟಿಂಗಿನ ನಡುವೆ ಇದ್ದೆ. ಅವರಿಗೇಕೆ ಫೋನ್ ಮಾಡಲಿಲ್ಲವೆಂದು ಕೇಳಿದಾಗ, "ಅಪ್ಪಂದಿರಿಗೆ ಯಾಕೆ ತೊಂದರೆ ಕೊಡುವುದು ಮೇಡಂ" ಎಂಬ ಉತ್ತರ ಬಂತು, ಅದೂ ಬಹಳ ಸೌಜನ್ಯದಿಂದ. ನಾನು ಚೀಲ ಎತ್ತಿಕೊಂಡು ಎದ್ದಾಗ ಮೇಲಧಿಕಾರಿ ಏನೂ ಅನ್ನಲಿಲ್ಲ. ಗೋಡೆಯ ಗಡಿಯಾರವನ್ನೊಮ್ಮೆ ನೋಡಿದರು, ಅಷ್ಟೆ. ಮರುದಿನ ಮಗಳನ್ನು ವೈದ್ಯರಲ್ಲಿಗೆ ಕರೆದೊಯ್ಯಲೆಂದು ಪತಿ ರಜೆ ಕೇಳಿದರು. ಅವರ ಸಹೋದ್ಯೋಗಿಗಳು "ಎಂಥ ಒಳ್ಳೆಯ ಅಪ್ಪ" ಎಂದು ಮೆಚ್ಚಿಕೊಂಡರಂತೆ.

ಇದು ನನ್ನೊಬ್ಬಳ ಮುನಿಸೇನೋ ಎಂಬ ಅನುಮಾನ ನನಗೂ ಇತ್ತು. ಆದರೆ ಅಮೆರಿಕದ ಸಮಾಜಶಾಸ್ತ್ರಜ್ಞೆ ಶೆಲ್ಲಿ ಕೊರೆಲ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರ್ಹತೆಯಲ್ಲಿ ಸರಿಸಮನಾದ ಉದ್ಯೋಗದ ಅರ್ಜಿಗಳನ್ನು ಕಂಪನಿಗಳಿಗೆ ಕಳಿಸಿ ನೋಡಿದಾಗ, ತಾಯಿಯೆಂದು ಸುಳಿವಿದ್ದ ಅರ್ಜಿಗಳಿಗಿಂತ ಆ ಸುಳಿವಿಲ್ಲದ ಹೆಂಗಸರ ಅರ್ಜಿಗಳಿಗೆ ಸುಮಾರು ಎರಡು ಪಟ್ಟು ಕರೆಗಳು ಬಂದಿದ್ದವು. ಗಂಡಸರಿಗೆ ಮಕ್ಕಳಿರುವುದರಿಂದ ಇಂಥ ನಷ್ಟವೇನೂ ಆಗಿರಲಿಲ್ಲ. ಅದೇ ಮಗು ಒಬ್ಬರ ಅರ್ಜಿಯಲ್ಲಿ ಜವಾಬ್ದಾರಿಯ ಗುರುತಾಗಿ, ಇನ್ನೊಬ್ಬರ ಅರ್ಜಿಯಲ್ಲಿ ರಜೆಯ ಮುನ್ಸೂಚನೆಯಾಗಿ ಕಾಣುತ್ತದೆ.

ಮನೆಯೊಳಗಿನ ಲೆಕ್ಕವೂ ಬೇರೆಯಲ್ಲ. ಸಂಬಳವಿಲ್ಲದ ಆರೈಕೆಯ ಕೆಲಸದಲ್ಲಿ ಮುಕ್ಕಾಲು ಪಾಲಿಗೂ ಮಿಗಿಲಾದದ್ದನ್ನು ಜಗತ್ತಿನಾದ್ಯಂತ ಹೆಂಗಸರೇ ಮಾಡುತ್ತಾರೆ ಎಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2018ರ ವರದಿ ಹೇಳುತ್ತದೆ. ಆದರೆ ಗಂಟೆಗಳ ಲೆಕ್ಕಕ್ಕೆ ಅಷ್ಟು ಸುಲಭವಾಗಿ ಸಿಗದ ಒಂದು ಕೆಲಸವಿದೆ, ಅದು ನೆನಪಿಟ್ಟುಕೊಳ್ಳುವ ಕೆಲಸ. ಮುಂದಿನ ಲಸಿಕೆ ಯಾವಾಗ, ಬೂಟು ಯಾವ ಬೆರಳಿಗೆ ಬಿಗಿಯಾಗಿದೆ, ಔಷಧಿಯ ಎರಡನೆಯ ಡೋಸ್ ಎಷ್ಟು ಹೊತ್ತಿಗೆ, ಯಾವ ಗೆಳತಿಯೊಂದಿಗೆ ಜಗಳವಾಗಿ ಮಗಳು ನಿನ್ನೆಯಿಂದ ಮಾತು ಬಿಟ್ಟಿದ್ದಾಳೆ, ಇವೆಲ್ಲ ಮೀಟಿಂಗಿನಲ್ಲಿ ಕುಳಿತಿರುವಾಗಲೂ ತಲೆಯಲ್ಲಿ ತಿರುಗುತ್ತಲೇ ಇರುತ್ತವೆ. ನನ್ನ ಪತಿ ಹೇಳಿದ್ದನ್ನೆಲ್ಲ ಮಾಡುವವರು. ಕಷ್ಟವಿರುವುದು ಆ "ಹೇಳಿದ್ದನ್ನು" ಎಂಬಲ್ಲಿ. "ನಿನಗೆ ಎಷ್ಟು ಸಹಾಯ ಮಾಡುತ್ತೇನೆ ನೋಡು" ಎಂದು ಅವರು ಅಂದಾಗ, ಕೆಲಸ ಮೂಲತಃ ಯಾರದೆಂಬುದು ಆ ಒಂದೇ ಪದದಲ್ಲಿ ತೀರ್ಮಾನವಾಗಿರುತ್ತದೆ. (ನಾನೂ ನೆಂಟರೆದುರು "ಇವರು ತುಂಬಾ ಸಹಾಯ ಮಾಡುತ್ತಾರೆ" ಎಂದು ಹೆಮ್ಮೆಯಿಂದ ಹೇಳಿಕೊಂಡವಳೇ.)

ಈ ವರ್ಷ ಒಂದು ಒಪ್ಪಂದ ಮಾಡಿಕೊಂಡೆವು. ಮಗಳ ಹಲ್ಲಿನ ಚಿಕಿತ್ಸೆ ಪೂರ್ತಿಯಾಗಿ ಅವರ ಪಾಲಿನದು, ದಿನಾಂಕ ಗೊತ್ತುಮಾಡುವುದರಿಂದ ಹಿಡಿದು ಕೊನೆಯ ಭೇಟಿಯವರೆಗೆ, ನಾನು ನೆನಪಿಸುವಂತಿಲ್ಲ. ಮೊದಲ ದಿನಾಂಕ ತಪ್ಪಿಹೋಯಿತು. ಗೊತ್ತಿದ್ದೂ ಬಾಯಿ ಬಿಡದೆ ಕುಳಿತಿರುವುದು ಅಷ್ಟು ಕಷ್ಟವೆಂದು ಆಗಲೇ ತಿಳಿದದ್ದು. ಎರಡನೆಯ ಭೇಟಿಯನ್ನು ಅವರೇ ಗೊತ್ತುಮಾಡಿ, ತಮ್ಮದೇ ಸಂಖ್ಯೆ ಕೊಟ್ಟು, ಮಗಳನ್ನು ಕರೆದುಕೊಂಡು ಹೋಗಿಬಂದರು. ಮುಂದಿನ ಭೇಟಿಯನ್ನು ನೆನಪಿಸುವ ಸಂದೇಶ ಆಸ್ಪತ್ರೆಯಿಂದ ಬಂದದ್ದು ಮಾತ್ರ ನನ್ನ ಫೋನಿಗೆ.