ಏನೂ ಹಾಕದ ವೆಲ್‌ನಲ್ಲಿ ಬ್ಯಾಂಡ್ ಬಂದಾಗ

ಬೆಂಗಳೂರಿನ ಒಂದು ಲ್ಯಾಬಿಗೆ ಸೇರಿದ ಮೊದಲ ವರ್ಷ ನನ್ನ ಕೈಗೆ ಬಂದದ್ದು ಸಿಗ್ನಲಿಂಗ್, ಅಂದರೆ ಹೊರಗಿನ ಸುದ್ದಿ ಕೋಶದೊಳಗೆ ಮುಟ್ಟುವ ಬಗೆ, ಕಲಿಯುವವರೆಲ್ಲ ಮೊದಲು ಮಾಡುವ ಪ್ರಯೋಗ. ಪ್ಲೇಟಿನ ವೆಲ್ ಎಂಬ ಗುಳಿಗಳಲ್ಲಿ ಬೆಳೆದ ಹೀಲಾ ಎಂಬ ಮಾನವ ಕೋಶಗಳನ್ನು ಒಂದು ರಾತ್ರಿ ಸೀರಮ್ ಇಲ್ಲದೆ ಉಪವಾಸ ಕೆಡವಬೇಕು, ಬೆಳಗ್ಗೆ ಕೋಶಕ್ಕೆ ಬೆಳೆ ಅನ್ನುವ ಇಜಿಎಫ್ ಕೊಡಬೇಕು, 5, 15, 30, 60 ನಿಮಿಷಕ್ಕೆ ಕೋಶಗಳನ್ನು ಒಡೆದು ಬ್ಲಾಟ್ ಹಾಕಬೇಕು, ಅಂದರೆ ಪ್ರೋಟೀನುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಬೇಕಾದದ್ದನ್ನು ಆಂಟಿಬಾಡಿಯಿಂದ ಗುರುತಿಸಬೇಕು. ಎರ್ಕ್ ಅನ್ನುವ ಪ್ರೋಟೀನಿಗೆ ಫಾಸ್ಫೇಟ್ ಎಷ್ಟು ಅಂಟಿದೆ ಅಂತ ನೋಡುವುದಷ್ಟೆ. ಬರಬೇಕಾದದ್ದು 5 ನಿಮಿಷಕ್ಕೆ ಗಾಢವಾದ ಬ್ಯಾಂಡ್, ಅಂದರೆ ಕಪ್ಪು ಗೆರೆ, ಆಮೇಲೆ ಮೆಲ್ಲಗೆ ಮಂಕು. ಒಂದೊಂದು ವೆಲ್‌ಗೆ ಬ್ಲಾಟಿನಲ್ಲಿ ಒಂದೊಂದು ಲೇನ್; ಇಜಿಎಫ್ ಕೊಡದ ಸೊನ್ನೆ ಲೇನ್ ಹೆಚ್ಚುಕಮ್ಮಿ ಖಾಲಿ.

ನನ್ನ ಸೊನ್ನೆ ಖಾಲಿ ಇರಲಿಲ್ಲ. ಎರ್ಕ್‌ನ ಎರಡು ರೂಪಗಳ ತೂಕವಾದ 44 ಮತ್ತು 42 ಕಿಲೋಡಾಲ್ಟನ್ನಿನಲ್ಲಿ ಅಚ್ಚುಕಟ್ಟಾದ ಎರಡು ಗೆರೆ, 5 ನಿಮಿಷದ ಲೇನಿಗೆ ಸರಿಸಮ.

ಇದು ಯಾಕೆ ಆಗಬಾರದು ಅಂದರೆ, ಎರ್ಕ್‌ವರೆಗೆ ಸುದ್ದಿ ಮುಟ್ಟಲು ಹೊರಗೆ ಯಾರಾದರೂ ಬಾಗಿಲು ತಟ್ಟಿರಬೇಕು. ಇಜಿಎಫ್ 53 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನ್. ಸುದ್ದಿ ಹೇಳಲು ಅದು ಒಳಗೆ ಬರಬೇಕಾಗಿಲ್ಲ. ಪೊರೆಯಲ್ಲಿ ನಾಟಿಕೊಂಡಿರುವ ರಿಸೆಪ್ಟರಿನ ಹೊರಭಾಗಕ್ಕೆ ಅಂಟುತ್ತದೆ, ಹಾಗೆ ಅಂಟಿಸಿಕೊಂಡ ಎರಡು ರಿಸೆಪ್ಟರುಗಳು ಜೋಡಿಯಾಗುತ್ತವೆ, ಒಳಗಡೆ ಒಂದರ ಬಾಲದ ಟೈರೋಸಿನ್‌ಗಳಿಗೆ ಇನ್ನೊಂದು ಫಾಸ್ಫೇಟ್ ಅಂಟಿಸುತ್ತದೆ. ಆ ಗುರುತು ಹಿಡಿದು ಗ್ರಬ್2 ಎಂಬ ಪ್ರೋಟೀನ್ ಬಂದು ಕೂರುತ್ತದೆ, ಜೊತೆಗೆ ಸಾಸ್ ಎಂಬ ಇನ್ನೊಂದು ಬರುತ್ತದೆ. ಸಾಸ್ ದೆಸೆಯಿಂದ ರಾಸ್ ಎಂಬ ಪ್ರೋಟೀನ್ ತನ್ನ ಜಿಡಿಪಿ ಬಿಟ್ಟು ಜಿಟಿಪಿ ಹಿಡಿಯುತ್ತದೆ, ಅಂದರೆ ಎಚ್ಚರಗೊಳ್ಳುತ್ತದೆ. ಅಲ್ಲಿಂದ ರಾಫ್, ಮೆಕ್, ಕೊನೆಗೆ ಎರ್ಕ್. ಹಿಂಬಾಗಿಲಲ್ಲಿ ಕಂಡಕ್ಟರ್ ಶಿಳ್ಳೆ ಹೊಡೆದರೆ ಮುಂದೆ ಡ್ರೈವರ್ ಗೇರ್ ಹಾಕುತ್ತಾನಲ್ಲ, ಹಾಗೆ. ನನ್ನ ಬಸ್ಸು ಶಿಳ್ಳೆ ಇಲ್ಲದೆ ಹೊರಟಿತ್ತು.

ಮೂರು ವಾರ ಎಲ್ಲದರ ಮೇಲೂ ಅನುಮಾನಪಟ್ಟೆ. ಉಪವಾಸ ಸಾಲಲಿಲ್ಲವೇನೋ ಅಂತ 16 ಗಂಟೆಯಿದ್ದದ್ದನ್ನು 24 ಮಾಡಿದೆ. ಆಂಟಿಬಾಡಿಯ ಹೊಸ ವಯಲ್ ತೆರೆದೆ. ಹಾಲಿನ ಪುಡಿಯಲ್ಲಿ ಕೇಸೀನ್ ಇದೆ, ಅದರಲ್ಲೇ ಫಾಸ್ಫೇಟ್ ಇದೆ ಅಂತ ಓದಿ, ಆಂಟಿಬಾಡಿ ಎಲ್ಲೆಂದರಲ್ಲಿ ಅಂಟದಂತೆ ಮಾಡುವ ಬ್ಲಾಕಿಂಗಿಗೆ ಅದರ ಬದಲು ಬಿಎಸ್‌ಎ ಎಂಬ ಪ್ರೋಟೀನ್ ಹಿಡಿದೆ. ಒಂದು ಸಲ, ಹೇಳಿಕೊಳ್ಳಲು ನಾಚಿಕೆ, ಬ್ಲಾಟಿನ ಚಿತ್ರ ತೆಗೆಯುವಾಗ ಎಕ್ಸ್‌ಪೋಶರ್ ಕಡಿಮೆ ಮಾಡುತ್ತ ಮಾಡುತ್ತ ಸೊನ್ನೆ ಲೇನ್ ಕಾಣದಂತಾಗುತ್ತದೆಯೋ ನೋಡಿದೆ. ಅದು ಮಾಯವಾಗುವ ಹೊತ್ತಿಗೆ 5 ನಿಮಿಷದ್ದೂ ಮಾಯ.

ಸಿಗ್ನಲಿಂಗ್ ಮಂದಿ ಚಹಾದ ಹೊತ್ತಿಗೆ ಹೇಳುವ ಕಥೆಯೊಂದಿದೆ. 1979ರಲ್ಲಿ ಕ್ಯಾಲಿಫೋರ್ನಿಯಾದ ಸಾಲ್ಕ್ ಇನ್‌ಸ್ಟಿಟ್ಯೂಟಿನಲ್ಲಿ ಟೋನಿ ಹಂಟರ್ ಎಂಬ ವಿಜ್ಞಾನಿ, ಫಾಸ್ಫೇಟ್ ಅಂಟಿದ ಅಮೈನೋ ಆಮ್ಲಗಳನ್ನು ಬೇರ್ಪಡಿಸುವಾಗ, ಹೊಸ ಬಫರ್ ಮಾಡಲು ಸೋಮಾರಿತನಪಟ್ಟು ಹಳೆಯದನ್ನೇ ಬಳಸಿದರಂತೆ. ಪಿಎಚ್ 1.9 ಇರಬೇಕಾದದ್ದು 1.7ಕ್ಕೆ ಇಳಿದಿತ್ತು. ಅದರಿಂದಲೇ ಅಷ್ಟುದಿನ ಫಾಸ್ಫೋಥ್ರಿಯೋನಿನ್ ಜೊತೆ ಬೆರೆತು ಕಾಣುತ್ತಿದ್ದ ಫಾಸ್ಫೋಟೈರೋಸಿನ್, ಅಂದರೆ ಫಾಸ್ಫೇಟ್ ಅಂಟಿದ ಟೈರೋಸಿನ್, ಬೇರೆ ಚುಕ್ಕೆಯಾಗಿ ಕಂಡಿತು. ಈ ಕಥೆಯನ್ನು ಸೋಮಾರಿತನಕ್ಕೆ ಸಮರ್ಥನೆಯಾಗಿ ನಾವೆಲ್ಲ ಬಳಸಿದ್ದೇವೆ. ಬೇಡದ ಚುಕ್ಕೆ ಕಂಡಾಗ ಅವರು ಅದರ ಹಿಂದೆ ಬಿದ್ದರು, ನಾನು ಅಳಿಸಲು ಹೊರಟಿದ್ದೆ ಅನ್ನುವುದು ಆಗ ಹೊಳೆದಿರಲಿಲ್ಲ.

ನಮ್ಮಲ್ಲಿ ಸೆಲ್ ಕಲ್ಚರ್ ನೋಡಿಕೊಳ್ಳುವ ಪುತ್ತೂರಿನವರೊಬ್ಬರಿದ್ದರು. ಎಲ್ಲರಿಗೂ ಅವರು ಅಕ್ಕ. ಒಂದು ದಿನ ಹಿಂದೆ ನಿಂತು ನನ್ನ ಕೈಯನ್ನೇ ನೋಡುತ್ತಿದ್ದರು. ನಾನು ಪ್ರತಿ ವೆಲ್‌ನ ಹಳೆ ಮೀಡಿಯಾ, ಅಂದರೆ ಕೋಶಗಳನ್ನು ಇಟ್ಟ ದ್ರವ, ಹೀರಿ ತೆಗೆದು ಇಜಿಎಫ್ ಬೆರೆಸಿದ ಹೊಸ ಮೀಡಿಯಾ ಹಾಕುತ್ತಿದ್ದೆ. ಸೊನ್ನೆಗೂ ಹಾಗೇ, ಇಜಿಎಫ್ ಇಲ್ಲದ್ದು.

"ಹೀಗೆ ಗಿಡಕ್ಕೆ ನೀರು ಹೊಯ್ದ ಹಾಗೆ ಹೊಯ್ದರೆ ಅವಕ್ಕೆ ಗೊತ್ತಾಗುದಿಲ್ವಾ ಮಾರಾಯ?"

"ಬರೀ ಮೀಡಿಯಾ ಅಲ್ವಾ ಅಕ್ಕ, ಅದರಲ್ಲೇನೂ ಇಲ್ಲ."

"ಒಂದು ವೆಲ್ ಮುಟ್ಟದೇ ಬಿಡು. ನೋಡುವ."

ಬಿಟ್ಟೆ. ಮುಟ್ಟದ ವೆಲ್‌ನ ಲೇನ್ ಬಹುತೇಕ ಖಾಲಿ. ಪಕ್ಕದಲ್ಲೇ, ಬರೀ ಮೀಡಿಯಾ ಬದಲಿಸಿ 5 ನಿಮಿಷ ಬಿಟ್ಟದ್ದು ಕಪ್ಪಗೆ ಕೂತಿತ್ತು.

ಆಮೇಲೆ ಓದಿದೆ. ದ್ರವ ರಭಸದಿಂದ ಉಜ್ಜಿಕೊಂಡು ಹೋದರೆ ಕೋಶಗಳು ಎಟಿಪಿಯನ್ನು ಹೊರಗೆ ಬಿಡುತ್ತವೆ. ಒಳಗೆ ಶಕ್ತಿಯ ಚಿಲ್ಲರೆಯಾಗಿ ಓಡಾಡುವ ಅದೇ ಎಟಿಪಿ ಹೊರಗೆ ಬಂದರೆ ಸಂದೇಶ. ಪಿ2ವೈ ಅನ್ನುವ ರಿಸೆಪ್ಟರುಗಳಿಗೆ ಅಂಟಿ, ಅವು ಜಿ ಪ್ರೋಟೀನುಗಳನ್ನು ಎಬ್ಬಿಸಿ, ಕ್ಯಾಲ್ಸಿಯಂ ಏರಿಸಿ, ಬೇರೆ ದಾರಿಯಿಂದ ಸುತ್ತಿಕೊಂಡು ಕೊನೆಗೆ ಎರ್ಕ್‌ಗೇ ಬಂದು ಸೇರುತ್ತವೆ. ಬಸ್ಸಿನ ಪಕ್ಕಕ್ಕೆ ಯಾರೋ ದಬದಬ ಬಡಿದು "ರೈಟ್" ಅಂದರೂ ಡ್ರೈವರ್ ಹೊರಡುತ್ತಾನಲ್ಲ, ಬಡಿದವನು ನಾನು. ಖಾತ್ರಿಗೆ ಮೀಡಿಯಾದಲ್ಲಿ ಎಟಿಪಿ ಒಡೆಯುವ ಅಪಿರೇಸ್ ಎಂಬ ಕಿಣ್ವ ಸೇರಿಸಿ ನೋಡಿದೆ. ಬ್ಯಾಂಡ್ ಸಾಕಷ್ಟು ಮಂಕಾಯಿತು. ಪೂರ್ತಿ ಹೋಗಲಿಲ್ಲ, ಕೋಶಕ್ಕೆ ನನ್ನ ಮೇಲೆ ಬೇರೆ ದೂರುಗಳೂ ಇದ್ದವು ಅಂತ ಕಾಣುತ್ತದೆ.

ಈಗ ಮೀಡಿಯಾ ಬದಲಿಸುವುದೇ ಇಲ್ಲ. ನೂರು ಪಟ್ಟು ಗಟ್ಟಿಯಾದ ಇಜಿಎಫ್ ಇಟ್ಟುಕೊಂಡು, 1 ಮಿಲಿಲೀಟರಿಗೆ 10 ಮೈಕ್ರೋಲೀಟರ್ ಅಂಚಿನಲ್ಲಿ ಬಿಟ್ಟು ಪ್ಲೇಟನ್ನು ನಿಧಾನ ವಾಲಿಸುತ್ತೇನೆ. ಕಂಟ್ರೋಲಿಗೂ ಅಷ್ಟೇ 10 ಮೈಕ್ರೋಲೀಟರ್ ಖಾಲಿ ಬಫರ್, ಅಷ್ಟೇ ವಾಲಿಕೆ. 60 ನಿಮಿಷದ ವೆಲ್‌ಗೆ ಮೊದಲು ಕೊಟ್ಟು, 5 ನಿಮಿಷದ್ದಕ್ಕೆ ಕೊನೆಗೆ ಕೊಟ್ಟು, ಎಲ್ಲವನ್ನೂ ಒಟ್ಟಿಗೆ ಐಸ್ ಮೇಲೆ ನಿಲ್ಲಿಸುತ್ತೇನೆ. ಕೋಶ ಒಡೆಯುವ ಬಫರಿನಲ್ಲಿ ಆರ್ಥೋವನಡೇಟ್ ಮತ್ತು ಫ್ಲೋರೈಡ್ ಇರಲೇಬೇಕು, ಇಲ್ಲದಿದ್ದರೆ ಫಾಸ್ಫಟೇಸ್ ಎಂಬ ಕಿಣ್ವಗಳು ಟ್ಯೂಬಿನಲ್ಲೂ ಫಾಸ್ಫೇಟ್ ಕಿತ್ತುಹಾಕುತ್ತವೆ.

ಇಷ್ಟು ರಗಳೆ ಯಾಕೆ ಅಂದರೆ ನಮ್ಮ ಅಸಲಿ ಕೆಲಸ ಇದ್ದದ್ದು ಪಿಸಿ12 ಎಂಬ ಇಲಿ ಕೋಶಗಳ ಮೇಲೆ. ಅವಕ್ಕೆ ಇಜಿಎಫ್ ಕೊಟ್ಟರೆ ಎರ್ಕ್ ಸ್ವಲ್ಪ ಹೊತ್ತು ಎದ್ದು ಮಲಗುತ್ತದೆ, ಕೋಶ ಇಬ್ಭಾಗವಾಗಿ ಬೆಳೆಯುತ್ತದೆ. ಎನ್‌ಜಿಎಫ್ ಎಂಬ ಇನ್ನೊಂದು ಸಂದೇಶದ ಪ್ರೋಟೀನ್ ಕೊಟ್ಟರೆ ಅದೇ ಎರ್ಕ್ ಗಂಟೆಗಟ್ಟಲೆ ಎದ್ದೇ ಇರುತ್ತದೆ, ಕೋಶ ನರಕೋಶದಂತೆ ಎಳೆ ಚಾಚುತ್ತದೆ. ಒಂದು ಶಿಳ್ಳೆಗೆ ನಿಲ್ಲು, ಎರಡಕ್ಕೆ ಹೊರಡು ಅನ್ನುವ ಹಾಗೆ, ಅರ್ಥವೆಲ್ಲ ಎಷ್ಟು ಹೊತ್ತು ಅನ್ನುವುದರಲ್ಲಿ. ನನ್ನ ಕೈ ಹೊಡೆದ ಶಿಳ್ಳೆ ಅದರಲ್ಲಿ ಸೇರಿದರೆ ಲೆಕ್ಕವೇ ಕೆಟ್ಟಿತು.

ಮುಟ್ಟದೇ ಬಿಡುವ ಆ ವೆಲ್‌ಗೆ ಅಕ್ಕ "ಮಡಿ ವೆಲ್" ಅಂತ ಹೆಸರಿಟ್ಟರು. ಅವರು ನಿವೃತ್ತರಾಗಿ ಊರಿಗೆ ಹೋದರು. ಮೊನ್ನೆ ಒಡಿಶಾದ ಹೊಸ ಹುಡುಗನ ಪ್ಲೇಟಿನ ಮುಚ್ಚಳ ನೋಡಿದೆ, ಮಾರ್ಕರ್‌ನಲ್ಲಿ ಸೊಟ್ಟ ಕನ್ನಡ ಅಕ್ಷರದಲ್ಲಿ ಬರೆದಿದ್ದ: ಮಡಿ.